ಫ್ರೀಡಾ ಬಾಯಮ್ಮನ ಬಾಗಿಲಿನ ಡೆಂಟ್

ದೋಹಾದಲ್ಲಿ ಓಡುವ ಅಷ್ಟೂ ಕಾರುಗಳ ಡೆಂಟ್ ತೆಗೆದದ್ದು ನಮ್ಮ ತುಕ್ರನೇ! ಆಯ್ತು ಮಾರಾಯ್ರೇ, ಅರ್ಧ ಸುಳ್ಳು. ಉಳಿದರ್ಧ ನಿಜ. ಮೂವತ್ತೊಂದು ವರ್ಷ, ದಿನಕ್ಕೆ ಆರೇಳು ಡೆಂಟ್.

ಬೆಳಿಗ್ಗೆ ನಾಲ್ಕೂವರೆಗೆ ನಜ್ಮಾ ಏರಿಯಾದ ರೂಮಿನಿಂದ ಹೊರಟು ಬಸ್ಸು ಹತ್ತುತ್ತಾನೆ. ತಗಡು ಕಾದು ಹಂಚಾಗುವ ಮೊದಲೇ ಸನಯ್ಯಾದ, ಅಂದ್ರೆ ಇಂಡಸ್ಟ್ರಿಯಲ್ ಏರಿಯಾದ, ಗ್ಯಾರೇಜಿನಲ್ಲಿ ಇವನ ಸುತ್ತಿಗೆ ಟಕಟಕ ಶುರು. ಕಣ್ಣು ಮುಚ್ಚಿ ಅಂಗೈ ಸವರಿದರೆ ಸಾಸಿವೆಯಷ್ಟು ತಗ್ಗೂ ಕೈಗೆ ಸಿಗ್ತದೆ. ಅಂಥ ಕೈ ಇವತ್ತು ಸುತ್ತಿಗೆ ಎತ್ತುವುದು, ಕೆಳಗಿಡುವುದು ಮಾಡ್ತಾ ಉಂಟು.

ಎದುರಿಗೆ ಒಂದು ಹಸಿರು ಬಾಗಿಲು. ಬರೀ ಬಾಗಿಲು, ಕಾರಿಲ್ಲ. ಅಲ್ ವಕ್ರಾದಲ್ಲಿ ಮಗಳು ಮೆಲನಿಯ ಜೊತೆ ಇರುವ, ಉಡುಪಿ ಕಡೆಯ ಫ್ರೀಡಾ ಬಾಯಮ್ಮನದ್ದು. ಬಾಯಮ್ಮನ ಗಂಡ ಟೆರೆನ್ಸ್ ಆಸ್ಟ್ರೇಲಿಯಾದಲ್ಲಿ ಮೆಕ್ಯಾನಿಕ್, ಭಾನುವಾರ ಬಂದ್ರೆ ಕಾರ್ ರೇಸ್. ಅವರು ತೀರಿಹೋದ ಮೇಲೆ ಉಳಿದದ್ದು ರೇಸ್ ಕಾರಿನ ಈ ಬಾಗಿಲು, ಒಂದು ಡಬ್ಬಿ ಫೋಟೋ. ಹಡಗಿನಲ್ಲಿ ಬರುವಾಗ ಬಾಗಿಲಿನ ಮೂಲೆ ಬಗ್ಗಿತು. ಸರಿ ಮಾಡ್ಲಿಕ್ಕೆ ಮೆಲನಿ ಕೊಟ್ಟು ಹೋದಳು. ತುಕ್ರ ಮೂಲೆಯನ್ನೂ ಸರಿ ಮಾಡಿದ, ನಡುವೆ ಇದ್ದ ಹಳೇ ಡೆಂಟನ್ನೂ ಪುಕ್ಕಟೆ ತೆಗೆದು ಕನ್ನಡಿ ಮಾಡಿಟ್ಟ.

ನಿನ್ನೆ ಬಾಯಮ್ಮ ಬಂದಾಗ ಹೊಗಳ್ತಾರೆ ಅಂತ ಹಲ್ಲು ಬಿಟ್ಟು ನಿಂತಿದ್ದ. ಅವರು ಬಾಗಿಲು ಸವರಿದರು, ಮತ್ತೆ ಸವರಿದರು, ಸ್ಟೂಲಿನ ಮೇಲೆ ಕುಸಿದರು.

"ಎಲ್ಲಿ ಹೋಯ್ತಾ ಅದು? ಸಾಯುವವರೆಗೂ ಟೆರೆನ್ಸ್ ಅದನ್ನು ಯಾರಿಗೂ ಮುಟ್ಲಿಕ್ಕೆ ಬಿಡ್ಲಿಲ್ಲ!"

"ನಾನು ಎಂತ ಮಾಡುವುದು?" ಎನ್ನುತ್ತಾನೆ ತುಕ್ರ. "ಡೆಂಟ್ ಕಂಡ್ರೆ ತೆಗೆಯುವುದು, ಅಷ್ಟೇ ನನಗೆ ಗೊತ್ತು. ಡೆಂಟನ್ನೂ ಸಾಕ್ತಾರೆ ಅಂತ ಯಾರಿಗೆ ಗೊತ್ತು?"

ಇವತ್ತು ಬಾಯಮ್ಮ ಮಗಳು, ಫೋಟೋ ಡಬ್ಬಿ ಸಮೇತ ಹಾಜರ್. ಡೆಂಟನ್ನು ಇದ್ದ ಹಾಗೇ ವಾಪಸ್ ಹಾಕಿ ಕೊಡಬೇಕಂತೆ! ಬಾಯಮ್ಮ ಡಬ್ಬಿಯಿಂದ ಒಂದೊಂದೇ ಫೋಟೋ ಹೊರಗೆ ತೆಗೀತಾರೆ. "ಇದು ಕೆಸರಲ್ಲಿ ಓಡಿದ್ದು. ಇದು ಟಯರ್ ಕಿತ್ತುಹೋಗಿ ಜನರ ಮಧ್ಯೆ ಬಿದ್ದದ್ದು. ನೋಡು, ಆಗಲೂ ನಗ್ತಾ ಇದ್ದಾನೆ, ಪೋಕ್ರಿ!"

ಒಂದು ಫೋಟೋದಲ್ಲಿ ಬಾಗಿಲು ನುಣ್ಣಗೆ. ಅದೇ ದಿನದ ಇನ್ನೊಂದರಲ್ಲಿ ಡೆಂಟ್.

"ಹಿಂದಿನ ಕಾರು ಗುದ್ದಿದ್ದು. ಆದ್ರೂ ಪಪ್ಪ ಗೆದ್ರು," ಎಂದಳು ಮೆಲನಿ.

ತುಕ್ರ ಫೋಟೋವನ್ನು ಮೂಗಿಗೆ ಹಿಡಿದ. "ಕಾರು ಗುದ್ದಿದ್ರೆ ಬಣ್ಣ ಗೀರ್ತದೆ ಅಕ್ಕಾ. ಇಲ್ಲಿ ಒಂದು ಗೀರಿಲ್ಲ. ನಡುವೆ ಸಣ್ಣ ಗುಂಡಿ ಮಾತ್ರ. ಬಾಯಮ್ಮ, ತಾಗಿದ್ದು ಎಂತ ಹೇಳದಿದ್ರೆ ನಾನು ಯಾವ ಸುತ್ತಿಗೆ ಎತ್ಲಿ?"

ಎಪ್ಪತ್ತೆಂಟರ ಬಾಯಮ್ಮನ ಮುಖ ಕುಂಕುಮದ ಹಾಗೆ ಆಯ್ತು.

"ಮೆಲನಿ, ಕಿವಿ ಮುಚ್ಚಿಕೋ. ಅವತ್ತು ನಮ್ಮ ಮದುವೆ ಆಗಿ ಒಂದು ವರ್ಷ. ಹೋಟೆಲಿಗೆ ಅಂತ ಹೊಸ ಫ್ರಾಕ್ ಹಾಕ್ಸಿ ರೇಸಿಗೆ ತಂದು ನಿಲ್ಲಿಸಿದ! ಕಾಲಲ್ಲಿ ಹೀಲ್ಸ್ ಇತ್ತು. ಬಾಗಿಲಿಗೆ ಒಂದೇ ಒದೆ!"

ಮೆಲನಿ ಬಾಯಿ ತೆರೆದ ಪರಿಗೆ ನೀರಿನ ಟ್ಯಾಂಕರೇ ಒಳಗೆ ಹೋಗಬಹುದಿತ್ತು.

"ಕಾರು ಗುದ್ದಿತು ಅಂತ ಊರಿಗೆಲ್ಲ ಹೇಳಿ ನನ್ನ ಮರ್ಯಾದೆ ಉಳಿಸಿದ," ಎಂದು ಬಾಯಮ್ಮ ಕಣ್ಣು ಒರೆಸಿಕೊಂಡರು.

ತುಕ್ರ ತನ್ನ ಹನ್ನೊಂದೂ ಸುತ್ತಿಗೆಗಳನ್ನು ಪೆಟ್ಟಿಗೆಗೆ ಹಾಕಿ ಮುಚ್ಚಿದ. ಬಾಗಿಲನ್ನು ಮರಳಿನ ಚೀಲಕ್ಕೆ ಒರಗಿಸಿದ. ಫೋಟೋ ನೋಡಿ ನೋಡಿ ಬಾಗಿಲಿನ ನಡುವೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ ಬರೆದ. ಆಮೇಲೆ ಬಾಯಮ್ಮನಿಗೆ ಹಿಡಿದುಕೊಳ್ಳಲಿಕ್ಕೆ ತನ್ನ ಹೆಗಲು ಕೊಟ್ಟ.

ಈಗ ಬಾಗಿಲು ಅಲ್ ವಕ್ರಾಕ್ಕೆ ಹೊರಟಿದೆ, ಡೆಂಟ್ ಸಮೇತ. "ನಾನು ಅಂಗೈ ಸವರಿ, ಸರಿ ಉಂಟು ಅಂತ ಬಿಟ್ಟ ಡೆಂಟ್ ಇದೊಂದೇ," ಎನ್ನುತ್ತಾನೆ ತುಕ್ರ. ಬಾಯಮ್ಮ ಕುಂಟ್ತಾ, ನಗ್ತಾ ಕಾರು ಹತ್ತುತ್ತಿದ್ದಾರೆ.

ಡೆಂಟ್ ಹಾಕಿದ್ದು ಯಾರು? ಹೇಳಿ ನೋಡುವ.