ಸೆಂಟ್ರೊಮಿಯರಿನ ಜಾಗ, ನನ್ನ ಸೇಡು

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊಪ್ಪಳದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ. ಕ್ರೋಮೊಸೋಮಿನಲ್ಲಿ ಸಣ್ಣ ಸೊಂಟದಂತೆ ಕಾಣುವ ಸೆಂಟ್ರೊಮಿಯರ್ ಎಲ್ಲಿರುತ್ತದೆ ಎಂದು ಸರ್ ಕೇಳಿದರು. ಪುಸ್ತಕ ತೆರೆದೇ ನೋಡದ ನಾನು ಎದ್ದು ನಿಂತು, ಅವರದೇ ಮೂಗಿನ ದನಿಯಲ್ಲಿ, "ಯಾವಾಗ್ಲೂ ನಟ್ಟನಡುವ ಇರ್ತೈತ್ರಿ, ತಿಳೀತೇನ್ರಿ?" ಎಂದೆ.

ಸರ್ ಕನ್ನಡಕ ಸರಿಸಿದರು. "ಒಂದೊಂದು ಕ್ರೋಮೊಸೋಮಿನಾಗ ಒಂದೊಂದು ಕಡೆ ಇರ್ತೈತಪಾ. ನಿನ್ನ ಬುದ್ಧಿ ಮಾತ್ರ ಮೊಣಕಾಲಾಗ ಐತಿ ನೋಡು."

ಊರವರನ್ನೆಲ್ಲ ಅಣಕಿಸಿ ನಗಿಸುತ್ತಿದ್ದ ನನ್ನನ್ನೇ ನೋಡಿ ಇಡೀ ಕ್ಲಾಸು ನಕ್ಕಿತು. ಸಂಜೆ ಊರಿಗೆ ಹೋಗುವ ಗಿಣಿಗೇರಾ ಬಸ್ಸಿನಲ್ಲೂ ಹುಡುಗರು, "ಮೊಣಕಾಲು ಬಂತು, ಸರೀರಿ" ಎಂದರು. ಅವತ್ತೇ ನಿರ್ಧರಿಸಿದೆ: ಇದೇ ಕ್ಲಾಸಿನ ಮುಂದೆ ಸರ್ ಬಾಯಿಂದ "ನನಗ ಗೊತ್ತಿಲ್ಲ" ಅನ್ನಿಸದೆ ಬಿಡುವುದಿಲ್ಲ.

ಎರಡು ತಿಂಗಳು ಲೈಬ್ರರಿಯಲ್ಲಿ ಕೂತೆ. ಸಿಟ್ಟು ಓದಿಸಿದಷ್ಟು ನಮ್ಮಪ್ಪನ ಬೆತ್ತವೂ ನನ್ನನ್ನು ಓದಿಸಿರಲಿಲ್ಲ. ಕೊನೆಗೂ ಪ್ರಶ್ನೆ ಸಿಕ್ಕಿತು. ಮನುಷ್ಯನ ಜೀವಕೋಶದಲ್ಲಿ ಸೆಂಟ್ರೊಮಿಯರಿನ ಜಾಗವನ್ನು ಡಿಎನ್ಎ ಬರಹವೊಂದೇ ನಿರ್ಧರಿಸುವುದಿಲ್ಲ. ಹಾಗಿದ್ದರೆ ಕೋಶ ಒಡೆದು ಎರಡಾದ ಮೇಲೂ ಅದು ಅದೇ ಜಾಗದಲ್ಲಿ ಉಳಿಯುವುದು ಹೇಗೆ? ಸರ್ ಬರೆಸಿದ ನೋಟ್ಸಿನಲ್ಲಿ ಇದಿರಲಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ ಎಂದು ಖುಷಿಪಟ್ಟೆ.

ಸೆಮಿನಾರಿನ ದಿನ, ಇಲ್ಲದ ಕನ್ನಡಕ ಸರಿಸುತ್ತ, ಅವರ ದನಿಯಲ್ಲೇ ಕೇಳಿದೆ. ಸರ್ ಪ್ರಶ್ನೆಯನ್ನು ನನಗೇ ತಿರುಗಿಸಿ, "ನೀನ ಹೇಳು" ಎಂದರು. ಸಿಕ್ಕಿಬಿದ್ದರು!

"ಬಸ್ಸಿನ ಕಿಟಕ್ಯಾಗಿಂದ ಟವೆಲ್ ಒಗದು ಸೀಟು ಹಿಡೀತೀವಲ್ರಿ, ಹಂಗ. ಆ ಜಾಗದಾಗ ಒಂದು ಬ್ಯಾರೆ ಥರದ ಹಿಸ್ಟೋನ್, ಅಂದ್ರ ಡಿಎನ್ಎ ಸುತ್ತಿಕೊಳ್ಳೋ ಪ್ರೋಟೀನ್, ಗುರುತಾಗಿ ಕುಂತಿರ್ತೈತಿ. ಡಿಎನ್ಎ ಎರಡಾದಾಗ ಹಳೇ ಪ್ರೋಟೀನು ಎರಡೂ ಕಡೆ ಹಂಚಿ ಹೋಗ್ತಾವು. ಅರ್ಧ ಜಾಗ ಖಾಲಿ. ಹಳೇವು ಕುಂತಲ್ಲೇ ಹೊಸಾವು ಬಂದು ತುಂಬ್ತಾವು. ಜಾಗ ತಪ್ಪಂಗಿಲ್ಲ. ತಿಳೀತೇನ್ರಿ?"

ಕ್ಲಾಸು ಬೆಂಚು ಗುದ್ದಿತು. ಹಿಂದಿನಿಂದ ಯಾರೋ ಸೀಟಿ ಹೊಡೆದರು.

ಸರ್ ನಗಲಿಲ್ಲ. "ಯಾವಾಗ ತುಂಬ್ತಾವು?"

ಅದನ್ನು ನಾನು ಓದಿರಲಿಲ್ಲ. ಆದರೆ ನಮ್ಮ ಬಸ್ಸು ಗೊತ್ತಿತ್ತು. ಅಲ್ಲಿ ಎದ್ದವನು ಬಾಗಿಲು ಮುಟ್ಟುವುದರೊಳಗೆ ಇನ್ನೊಬ್ಬ ಅವನ ಸೀಟಿನಲ್ಲಿ ಕೂತಿರುತ್ತಾನೆ. "ಡಿಎನ್ಎ ಎರಡಾದ ಕೂಡ್ಲೆ ರೀ. ಖಾಲಿ ಸೀಟು ಯಾರರ ಬಿಡ್ತಾರೇನ್ರಿ?"

ಸರ್ ಬೋರ್ಡಿನ ಮೇಲೆ ಒಂದು ಕೋಶ ಬರೆದರು, ಪಕ್ಕದಲ್ಲಿ ಅದು ಒಡೆದು ಆದ ಎರಡು. "ಮನುಷ್ಯಾನ ಕೋಶದಾಗ ಆ ಜಾಗ ಖಾಲಿನ ಉಳೀತೈತಿ. ಕೋಶ ಒಡದು ಎರಡಾದ ಮ್ಯಾಲೆ ತುಂಬ್ತೈತಿ."

ಅವರಿಗೆ ಎಲ್ಲ ಗೊತ್ತಿತ್ತು. ಬೆಂಚು ಗುದ್ದಿದವರೇ ಬೋರ್ಡು ನೋಡಿ ಬರೆದುಕೊಳ್ಳತೊಡಗಿದರು. ಆಗಲೂ ನಾನು ಅವರ ಕೈಯ ಸೀಮೆಸುಣ್ಣವಾದರೂ ಮುರಿಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅದೂ ಮುರಿಯಲಿಲ್ಲ.

ಸರ್ ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನನ್ನ ದನಿ ಛಲೋ ತಗದೀಯಪಾ. ಉತ್ತರಾನೂ ನನ್ನ ಕಡಿಂದನ ಕದ್ದಿದ್ರ ತಪ್ಪಾಗ್ತಿರಲಿಲ್ಲ."