ಫೇಲಾದ ಬೋರಿಗೆ ಸುರಿದ ಔಷಧಿ

ನನ್ನ ತವರು ಸೊರಬದ ಹೊಸಬಾಳೆ. ಉಡುತಡಿ ಕಡೆಯ ಕುರಿ ಸಾಕುವ ಮನೆಗೆ ಮದುವೆಯಾಗಿ ಬರುವವರೆಗೂ ಕುರಿಗಳಿಗೂ ಸ್ನಾನ ಮಾಡಿಸುತ್ತಾರೆಂದು ನನಗೆ ಗೊತ್ತಿರಲಿಲ್ಲ. ತುಪ್ಪಟ ಕತ್ತರಿಸಿದ ಮೇಲೆ ಹೇನು, ಉಣ್ಣಿ ಹೋಗಲೆಂದು ಒಂದೊಂದನ್ನೇ ಹಿಡಿದು ಔಷಧಿ ನೀರಿನಲ್ಲಿ ಮುಳುಗಿಸಿ ತೆಗೆಯುತ್ತಾರೆ. ಕೊನೆಗೆ ಉಳಿಯುವುದು ಮೂಗು ಮುಚ್ಚಿಕೊಳ್ಳುವಂಥ ಕಪ್ಪು ನೀರು. ನೆಲಕ್ಕೆ ಚೆಲ್ಲಿದರೆ ಕುರಿಗಳು ಆ ಹುಲ್ಲು ತಿಂದಾವು, ಹಳ್ಳಕ್ಕೆ ಬಿಟ್ಟರೆ ಮೀನು ಸತ್ತಾವು. ಅದಕ್ಕೇ ಮಾವ ಅದನ್ನು ವರ್ಷ ವರ್ಷವೂ ಹಿತ್ತಲಿನಲ್ಲಿ ನೀರು ಬಾರದೆ ಫೇಲಾಗಿದ್ದ ಬೋರಿಗೆ ಸುರಿದು, ಮೇಲೊಂದು ಚಪ್ಪಡಿ ಎಳೆಯುತ್ತಿದ್ದರು. ಊರಲ್ಲಿ ಇಷ್ಟು ಜೋಪಾನ ಮಾಡುವವರು ಇನ್ನೊಬ್ಬರಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಮನೆ ಮುಂದೆ ಹೊಸ ಬೋರು ಕೊರೆಸಿದೆವು. ನೀರು ಬಂತು, ಸಿಹಿಯಾಗಿಯೂ ಇತ್ತು. ಎಲ್ಲರೂ ಖುಷಿಯಲ್ಲಿದ್ದಾಗ ನನ್ನ ತಲೆಯಲ್ಲಿ ಹುಳ ಕೊರೆಯತೊಡಗಿತು. ಹಿತ್ತಲಿನ ಬೋರಿಗೆ ಸುರಿದದ್ದೆಲ್ಲ ಹೋಯಿತೆಲ್ಲಿಗೆ? ಮಗಳಿಗೆ ಆಗಷ್ಟೇ ಗಂಜಿ, ನೀರು ಕುಡಿಸಲು ಶುರು ಮಾಡಿದ್ದೆ.

ಬಾಟಲಿ ಹಿಡಿದು ಶಿಕಾರಿಪುರದಲ್ಲಿ ನೀರು ಪರೀಕ್ಷೆ ಮಾಡುವವರ ಬಳಿ ಹೋದೆ. ಅಲ್ಲಿದ್ದವರು ಉಪ್ಪು, ಫ್ಲೋರೈಡ್ ನೋಡಿ ಚೆನ್ನಾಗಿದೆ ಎಂದರು. ಕುರಿ ಔಷಧಿ ಪತ್ತೆ ಮಾಡುವ ಯಂತ್ರ ಅವರಲ್ಲಿರಲಿಲ್ಲ. ಹಿತ್ತಲಿನ ಬೋರಿನ ಕಥೆ ಹೇಳಿ, ಸುರಿದದ್ದೆಲ್ಲ ಎಲ್ಲಿಗೆ ಹೋಗಿರುತ್ತದೆ ಎಂದು ಕೇಳಿದೆ.

“ಮಣ್ಣಿಗೆ ಅಂಟ್ಕಂಡು ಅಲ್ಲೇ ಇರ್ಬೋದು ಮೇಡಂ. ಒಡೆದು ಬೇರೆ ಏನೋ ಆಗಿರ್ಬೋದು. ಕಲ್ಲಿನ ಸೀಳು ಹಿಡ್ಕಂಡು ನಿಮ್ ಬೋರಿಗೂ ಬರ್ಬೋದು.”

“ಬೇರೆ ಏನೋ ಅಂದ್ರೆ ಒಳ್ಳೇದೋ ಕೆಟ್ಟದ್ದೋ, ಹೇಳ್ರೀ?”

“ಅದು ಹೇಳಾಕೆ ಬರಲ್ಲ.”

ನಾನು ಕೆಮಿಸ್ಟ್ರಿಯಲ್ಲಿ ಡಿಗ್ರಿ ಮಾಡಿದವಳು. ಸಮೀಕರಣದಲ್ಲಿ ಬಾಣದ ಗುರುತಿನ ಈಚೆ ಇಂಥದ್ದು ಹಾಕಿದರೆ ಆಚೆ ಇಂಥದ್ದೇ ಬರುತ್ತದೆ ಎಂದು ಬರೆದು ಪಾಸಾದವಳು. ನೆಲದೊಳಗಿನ ಬಾಣ ಯಾವ ಕಡೆಗೆಂದೇ ತಿಳಿಯದೆ ಮಂಕು ಬಡಿದವಳಂತೆ ಬಸ್ಸು ಹತ್ತಿದೆ. ಮಾವನ ಮೇಲೆ ಕೆಟ್ಟ ಸಿಟ್ಟು ಬಂತು. ಯಾವ ತಪ್ಪಿಗೆ ಸಿಟ್ಟಾಗಬೇಕೆಂದು ಮಾತ್ರ ಗೊತ್ತಾಗಲಿಲ್ಲ.

ಸಂಜೆ ಮನೆಯಲ್ಲಿ ವಿಷಯ ಹೇಳಿದೆ. ನನ್ನ ಗಂಡ, “ಒಂದಿಷ್ಟ್ ದಿನ ಕುರಿಗೆ ಕುಡಿಸಿ ನೋಡಣ. ಏನೂ ಆಗ್ಲಿಲ್ಲಾಂದ್ರೆ ನಾವೂ ಕುಡಿಯಣ” ಎಂದರು. ಮಾವ ಮರುದಿನ ಬೆಳಿಗ್ಗೆ ಕುರಿಗಳನ್ನು ಹೊಸ ಬೋರಿನ ನೀರಿದ್ದ ತೊಟ್ಟಿ ದಾಟಿಸಿ ಕೆರೆಗೆ ಹೊಡೆದುಕೊಂಡು ಹೋದರು. ಬರುವಾಗ ಮೊಮ್ಮಗಳಿಗೆಂದು ಊರಿನ ಫಿಲ್ಟರ್ ಘಟಕದಿಂದ ಒಂದು ಕ್ಯಾನ್ ನೀರು ತಂದರು. ತಮಗೆ ಮಾತ್ರ ಹೊಸ ಬೋರಿನ ನೀರೇ ಒಂದು ಚೊಂಬು ಬೇಕೆಂದರು.

“ನಿಮಗ್ಯಾಕೆ ಮಾವ ಅದು? ಇದನ್ನೇ ಕುಡೀರಿ.”

“ಹೊಟ್ಟೆ ನೋವಾದ್ರೆ ಕುರಿ ಬಂದು ಹೇಳ್ತಾವೇನವ್ವ? ನನಗಾದ್ರೆ ಬಾಯಿ ಐತೆ. ಸುರ್ದೋನೂ ನಾನೇ.”

ತಿಂಗಳುಗಳೇ ಕಳೆದವು. ಮಾವ ಗಟ್ಟಿಮುಟ್ಟಾಗಿದ್ದಾರೆ. ನೀರು ಒಳ್ಳೆಯದೆಂದು ಅದರರ್ಥವೋ, ಕೆಟ್ಟದ್ದು ಇನ್ನೂ ದಾರಿಯಲ್ಲಿದೆ ಎಂದೋ ನನಗೆ ತಿಳಿಯುತ್ತಿಲ್ಲ. ಅವರು ಕೆಮ್ಮಿದರೆ ಒಲೆ ಬಿಟ್ಟು ಓಡಿ ಬರುತ್ತೇನೆ. ಬರೀ ಕೆಮ್ಮಾಗಿರುತ್ತದೆ. ಈಗಲೂ ಬೆಳಿಗ್ಗೆ ಎದ್ದು ನೀರಿಗೆ ಕೈ ಚಾಚುತ್ತಾರೆ. ಆ ಚೊಂಬು ತುಂಬಿಸಿ ಕೊಡುವವಳು ನಾನೇ.