ಶುಂಠಿ ಹೊಲಕ್ಕೆ ಬಿಟ್ಟ ಹುಳು

ಮನೆಯವರು ತೀರಿಕೊಂಡ ಮೇಲೆ ಪಿರಿಯಾಪಟ್ಟಣದ ಕಡೆಯ ನಮ್ಮ ಶುಂಠಿ ಹೊಲವನ್ನು ನಾನೊಬ್ಬಳೇ ನೋಡಿಕೊಳ್ಳುತ್ತಿದ್ದೆ. ಪಕ್ಕದ್ದು ಹೊಗೆಸೊಪ್ಪು ಬೆಳೆಯುವ ಅಕ್ಕನ ಹೊಲ. ಸಂಬಂಧದಲ್ಲಿ ಅಕ್ಕನಲ್ಲ, ವಯಸ್ಸಿನಲ್ಲಿ ದೊಡ್ಡವಳು. ಮಧ್ಯಾಹ್ನ ಇಬ್ಬರೂ ಬದುವಿನ ಮೇಲೆ ಬುತ್ತಿ ಬಿಚ್ಚುತ್ತಿದ್ದೆವು. ದಿನದಲ್ಲಿ ನಾನು ಬಾಯಿ ತೆರೆದು ಮಾತಾಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ.

ಒಂದು ಮಳೆಗಾಲ ಶುಂಠಿ ಅಲ್ಲಲ್ಲಿ ಹಳದಿಯಾಗತೊಡಗಿತು. ಕಿತ್ತರೆ ಬೇರೇ ಇಲ್ಲ. ಮಣ್ಣಲ್ಲಿ ಬಿಳಿ ಗೊಣ್ಣೆಹುಳುಗಳು ಮುದುಡಿಕೊಂಡು ಮಲಗಿದ್ದವು. ಔಷಧಿ ಸುರಿದೆ, ಜಗ್ಗಲಿಲ್ಲ. ಹುಣಸೂರಿನಲ್ಲಿ ವಿಚಾರಿಸಿದಾಗ ಕೃಷಿ ಅಧಿಕಾರಿಯೊಬ್ಬರು ಪುಡಿಯ ಪೊಟ್ಟಣ ತರಿಸಿಕೊಟ್ಟರು. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳುಗಳಿವೆ, ಗೊಣ್ಣೆಹುಳುವಿನ ಮೈಯೊಳಗೆ ಹೊಕ್ಕು ಕೊಲ್ಲುತ್ತವೆ, ಬಿಸಿಲು ತಾಗಿದರೆ ಸಾಯುತ್ತವೆ, ಸಂಜೆ ಹಸಿ ಮಣ್ಣಿಗೆ ಹಾಕಿ ಎಂದರು.

ಬದುವಿನ ಮೇಲೆ ಇದನ್ನೆಲ್ಲ ಹೇಳಿದಾಗ ಅಕ್ಕ ಎತ್ತಿದ ತುತ್ತು ಕೆಳಗಿಟ್ಟಳು. ಹಿಂದೊಮ್ಮೆ ಬೇರಿಗೆ ಗಂಟುರೋಗ ಬಂದು ಅವಳ ಬೆಳೆ ಹಾಳಾಗಿತ್ತು. ಅದನ್ನು ತಂದದ್ದೂ ಜಂತುಹುಳುವೇ.

"ನಿನ್ನ ಹುಳ ನನ್ನ ಒಲಕ್ಕೆ ನುಗ್ಗುದ್ರೆ ಏನ್ ಮಾಡ್ಲವ್ವಾ?"

"ಅದೇ ಬೇರೆ, ಇದೇ ಬೇರೆ ಕಣಕ್ಕ. ಇವು ಬೇರು ಮುಟ್ಟಾಕಿಲ್ಲ."

"ನೀನು ಕಂಡಿದ್ದೀಯಾ?"

ಕಂಡಿರಲಿಲ್ಲ.

ಮೋಡ ಕವಿದ ಸಂಜೆ ಪುಡಿಯನ್ನು ನೀರಿಗೆ ಕಲಸಿ ಗಿಡದ ಬುಡಗಳಿಗೆ ಹುಯ್ದೆ. ಬಕೆಟಿನಲ್ಲಿ ಇಣುಕಿದರೆ ಕಂಡದ್ದು ಬರೀ ಕದಡಿದ ನೀರು. ಮರುದಿನದಿಂದ ಅಕ್ಕ ತನ್ನ ಹೊಲದ ಆ ತುದಿಯಲ್ಲಿ, ಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ನೆರಳಿನಲ್ಲಿ ಉಣ್ಣತೊಡಗಿದಳು. ಜಗಳವಾಡಿದ್ದರೆ ಆಗುತ್ತಿತ್ತು, ಅವಳು ಬೈಯಲೂ ಇಲ್ಲ. ಎಷ್ಟೋ ದಿನ ನನ್ನ ದನಿ ನನಗೇ ಕೇಳಿಸಲಿಲ್ಲ.

ಕೆಲವು ದಿನಗಳ ನಂತರ ಬುಡ ಕೆದಕಿದಾಗ ಗೊಣ್ಣೆಹುಳುವೊಂದು ಇಟ್ಟಿಗೆಯ ಬಣ್ಣಕ್ಕೆ ತಿರುಗಿ ಮೆತ್ತಗೆ ಬಿದ್ದಿತ್ತು. ಇನ್ನೊಂದು ಬುಡದಲ್ಲೂ ಹಾಗೆಯೇ. ಅಂಗೈಯಲ್ಲಿಟ್ಟುಕೊಂಡು ಅಕ್ಕನನ್ನು ಕೂಗಲು ಎದ್ದುನಿಂತೆ. ದೂರದಲ್ಲಿ ಬಗ್ಗಿ ಸೊಪ್ಪು ಮುರಿಯುತ್ತಿದ್ದಳು. ಕೂಗಲಿಲ್ಲ. ಅಷ್ಟು ಸಂತೋಷವನ್ನು ಒಬ್ಬಳೇ ಏನು ಮಾಡುವುದು ಎಂದು ತಿಳಿಯದೆ ಅಲ್ಲೇ ಕುಳಿತೆ.

ಹೋದ ಗಿಡ ಹೋಯಿತು, ಉಳಿದವು ಚಿಗುರಿದವು. ಅಕ್ಕನ ಬೆಳೆಗೆ ಏನೂ ಆಗಲಿಲ್ಲ. ಸೊಪ್ಪಿನ ಕೆಲಸ ಮುಗಿದ ಮೇಲೆ ಒಂದು ದಿನ ತಾನಾಗಿಯೇ ಬಂದು, ತೋರಿಸು ಎಂದಳು. ಅಗೆದು ತೋರಿಸಿದೆ. ಕೆಂಪು ಹುಳುವನ್ನು ಕಡ್ಡಿಯಿಂದ ಹೊರಳಿಸಿ ನೋಡಿದಳು.

"ಎದ್ರುಕೊಂಡಿದ್ದೆ ಕಣವ್ವ" ಎಂದಳು.

ಈಗ ಎದುರಾದರೆ ನಿಂತು ಮಾತಾಡಿಸುತ್ತಾಳೆ, ಮಳೆಯ ಬಗ್ಗೆ, ಆಳು ಸಿಗದ ಬಗ್ಗೆ. ಮೊದಲಿನ ಸಲುಗೆ ಮಾತ್ರ ಬರಲಿಲ್ಲ. ಮುಂದಿನ ಮಳೆಗೆ ಮತ್ತೆ ಪೊಟ್ಟಣ ತಂದೆ, ಸಂಜೆಯಾಗುವುದನ್ನೇ ಕಾದು ಒಬ್ಬಳೇ ಹುಯ್ದೆ.